ಹಿತ್ತಿಲ ಕೋಳಿಗೂ ಒಂದು ವಿದ್ಯಾರ್ಥಿವೇತನ ಬೇಕು

ಕೋಳಿ ವಿಜ್ಞಾನದಲ್ಲಿ ಸ್ನಾತಕೋತ್ತರ ಓದುವ ಹುಡುಗ-ಹುಡುಗಿಯರ ಪ್ರಬಂಧಗಳ ವಿಷಯ ಏನು ಅಂತ ಸಿಕ್ಕಿದಲ್ಲೆಲ್ಲ ವಿಚಾರಿಸುವುದು ನನಗೊಂದು ಅಭ್ಯಾಸ. ನಾನು ಕಂಡಷ್ಟರಲ್ಲಿ ಹೆಚ್ಚಿನವು ಒಂದೇ ಜಾತಿಯವು. ಬ್ರಾಯ್ಲರ್ ಆಹಾರಕ್ಕೆ ಇಂಥ ಕಿಣ್ವ ಸೇರಿಸಿದರೆ ತೂಕ ಎಷ್ಟು ಏರಿತು, ಪಂಜರದ ಮೊಟ್ಟೆಕೋಳಿಗೆ ಇಂಥ ಖನಿಜ ಕೊಟ್ಟರೆ ಚಿಪ್ಪು ಎಷ್ಟು ದಪ್ಪವಾಯಿತು. ಇವೆಲ್ಲ ಬೇಕಾದ ವಿಷಯಗಳೇ. ಆದರೆ ಅಂಗಳದಲ್ಲಿ ಕೆದಕಿ ತಿಂದು, ಸಂಜೆ ತಾನೇ ಗೂಡು ಸೇರುವ ನಮ್ಮ ಹತ್ತು-ಹದಿನೈದು ಕೋಳಿಗಳ ಬಗ್ಗೆ ಕೇಳುವವರು ಯಾರು?

ಈ ಕೋಳಿಗಳು ಲೆಕ್ಕಕ್ಕಿಲ್ಲದಷ್ಟು ಕಡಿಮೆ ಏನಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಕೋಳಿಗಳು ಒಟ್ಟು 85.18 ಕೋಟಿ. ಅದರಲ್ಲಿ 31.7 ಕೋಟಿ ಹಿತ್ತಿಲ ಕೋಳಿಗಳು. ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. 2012ರ ಗಣತಿಗೆ ಹೋಲಿಸಿದರೆ ಇವುಗಳ ಸಂಖ್ಯೆ ಶೇಕಡಾ 45ಕ್ಕಿಂತ ಹೆಚ್ಚು ಏರಿದೆ. ಊರಲ್ಲಿ ಕೋಳಿ ಸಾಕುವವರು ಇಲ್ಲವಾಗುತ್ತಿದ್ದಾರೆ ಅನ್ನುವ ಮಾತಿಗೆ ಅರ್ಥವಿಲ್ಲ ಅಂತಾಯಿತು. ಹೆಚ್ಚಿನ ಮನೆಗಳಲ್ಲಿ ಈ ಕೋಳಿಯ ಹಣ ಹೆಂಗಸರ ಕೈಯದು. ಮಕ್ಕಳ ಪುಸ್ತಕ, ಬಸ್ಸಿನ ಚಾರ್ಜು, ಮದ್ದಿನ ಖರ್ಚು ಅದರಿಂದಲೇ ಹೊರಡುತ್ತದೆ.

ಇಷ್ಟು ದೊಡ್ಡ ಪಾಲಿಗೆ ಸಂಶೋಧನೆಯಲ್ಲಿ ಯಾಕೆ ಇಷ್ಟು ಸಣ್ಣ ಜಾಗ? ವಿಜ್ಞಾನಿಗಳಿಗೆ ಮನಸ್ಸಿಲ್ಲ ಅಂತ ಬೈಯುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಹಣ ಬರುವ ದಾರಿಯಲ್ಲೇ ತೊಡಕು ಇದೆ.

ಪಂಜರದ ಕೋಳಿ ಎಲ್ಲಿಗೂ ಹೋಗುವುದಿಲ್ಲ

ವಿದ್ಯಾರ್ಥಿಯ ಕಡೆಯಿಂದ ಯೋಚನೆ ಮಾಡಿ. ಐದೂವರೆ ವರ್ಷ ಪಶುವೈದ್ಯಕೀಯ ಓದಿ, ಮತ್ತೆ ಎರಡು ವರ್ಷದ ಸ್ನಾತಕೋತ್ತರಕ್ಕೆ ಸೇರಿದ್ದಾನೆ. ಆ ಎರಡು ವರ್ಷದೊಳಗೆ ಪಾಠ, ಪರೀಕ್ಷೆ, ಪ್ರಯೋಗ, ಪ್ರಬಂಧ ಎಲ್ಲ ಮುಗಿಯಬೇಕು. ಬ್ರಾಯ್ಲರ್ ಮರಿ ತಂದರೆ ಆರು ವಾರಕ್ಕೆ ಪ್ರಯೋಗ ಮುಗಿಯಿತು. ಕೋಳಿಗಳು ಕಾಲೇಜಿನ ಶೆಡ್ಡಿನಲ್ಲೇ ಇರುತ್ತವೆ. ದಿನಾ ಬೆಳಿಗ್ಗೆ ಎಣಿಸಿದರೆ ಲೆಕ್ಕ ಸರಿ. ಆಹಾರ ತಯಾರಿಸುವ ಕಂಪೆನಿ ಮಾಲನ್ನೂ ಖರ್ಚನ್ನೂ ಕೊಟ್ಟರೆ ಮತ್ತೂ ಹಗುರ.

ನಮ್ಮ ಕೋಳಿಯ ಮೇಲೆ ಪ್ರಯೋಗ ಮಾಡಲು ಹೊರಟರೆ ಏನಾಗುತ್ತದೆ? ಊರ ಹೇಂಟೆ ಮೊದಲ ಮೊಟ್ಟೆ ಇಡಲಿಕ್ಕೇ ಆರು ತಿಂಗಳು ಬೇಕು. ನಡುವೆ ಒಂದನ್ನು ಮುಂಗುಸಿ ಹಿಡಿಯಿತು, ಎರಡನ್ನು ಗಿಡುಗ ಕೊಂಡುಹೋಯಿತು. ನಂಬರ್ ಹಾಕಿದ ಹುಂಜ ಕೋಲಕ್ಕೆ ಹೋಯಿತು, ಇಲ್ಲವೇ ನೆಂಟರು ಬಂದ ದಿನ ಸಾರಾಯಿತು. ವಿದ್ಯಾರ್ಥಿ ಬಸ್ಸಿಳಿದು ಮೂರು ಕಿಲೋಮೀಟರ್ ನಡೆದು ಬಂದಾಗ ಮನೆಯಲ್ಲಿ ಯಾರೂ ಇಲ್ಲ. ಇಂಥ ಅಂಕಿ-ಅಂಶ ಹಿಡಿದು ಗೈಡಿನ ಮುಂದೆ ನಿಲ್ಲಲು ಯಾವ ಹುಡುಗನಿಗೆ ಧೈರ್ಯ ಬಂದೀತು?

ವಿದ್ಯಾರ್ಥಿವೇತನಗಳು ಇಲ್ಲವೆಂದಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಅಂದರೆ ಐಸಿಎಆರ್, ತನ್ನ ಅಖಿಲ ಭಾರತ ಪ್ರವೇಶ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಸ್ನಾತಕೋತ್ತರ ಓದಿಗೆ ಹಣ ಕೊಡುತ್ತದೆ. ಬೇರೆ ರಾಜ್ಯಕ್ಕೆ ಹೋಗಿ ಓದುವವರಿಗೆ ಪ್ರತಿಭಾ ವಿದ್ಯಾರ್ಥಿವೇತನ ಇದೆ. ಒಳ್ಳೆಯದೇ. ಆದರೆ ಇವೆಲ್ಲ ಅಂಕಕ್ಕೆ ಕೊಡುವ ಹಣ. ನಮ್ಮ ಪ್ರಶ್ನೆ ಹಿಡಿದು ಹಳ್ಳಿಗೆ ಬರುವವನಿಗೆ ಅಂತ ಬೇರೆಯಾಗಿ ಇಟ್ಟ ಹಣ ಅದಲ್ಲ. ಪ್ರಶ್ನೆ ಯಾವುದು ಅಂತ ತೀರ್ಮಾನ ಆಗುವುದು ಪ್ರಯೋಗದ ಖರ್ಚು ಕೊಡುವವರು ಬಂದಾಗ. ಹಣ ಕೊಟ್ಟವರು ತಮ್ಮ ಪ್ರಶ್ನೆ ಕೇಳುತ್ತಾರೆ. ಅದು ಅವರ ತಪ್ಪಲ್ಲ. ನಮ್ಮ ಪ್ರಶ್ನೆಗೆ ಹಣ ಕೊಡುವವರು ಇಲ್ಲ, ಅಷ್ಟೆ.

ಪ್ರಶ್ನೆ ಸರಿ ಇದ್ದರೆ ಉತ್ತರ ಬರುತ್ತದೆ

ಸಾರ್ವಜನಿಕ ಹಣ ನಮ್ಮ ಕಡೆ ತಿರುಗಿದಾಗಲೆಲ್ಲ ಫಲ ಸಿಕ್ಕಿದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೃಷಿ ವಿಶ್ವವಿದ್ಯಾಲಯದ ಕೈಕೆಳಗಿದ್ದಾಗ, 1989ರಲ್ಲಿ, ಗಿರಿರಾಜ ಕೋಳಿ ಹೊರಬಂತು. ಬಣ್ಣದ ಗರಿ, ಗಟ್ಟಿ ಮೈ, ಹಿತ್ತಿಲಲ್ಲಿ ಬದುಕುವ ಗುಣ. ಮಾಂಸಕ್ಕೂ ಆಯಿತು, ಮೊಟ್ಟೆಗೂ ಆಯಿತು. ಆ ಮೇಲೆ ಸ್ವರ್ಣಧಾರ ಬಂತು. ಹೈದರಾಬಾದಿನ ಕೇಂದ್ರ ಸರಕಾರದ ಕೋಳಿ ಸಂಶೋಧನಾ ಸಂಸ್ಥೆ ವನರಾಜ, ಗ್ರಾಮಪ್ರಿಯ ತಳಿಗಳನ್ನು ಕೊಟ್ಟಿತು. ಇವುಗಳ ಮರಿಗೆ ಇವತ್ತಿಗೂ ಜನ ಹೆಸರು ಬರೆಸಿ ಕಾಯುತ್ತಾರೆ.

ಆದರೆ ಮರಿ ಕೊಟ್ಟಲ್ಲಿಗೆ ಕತೆ ಮುಗಿಯುವುದಿಲ್ಲವಲ್ಲ. ಗಿರಿರಾಜ ಕಾವು ಕೂರುವುದಿಲ್ಲ. ಊರ ಹೇಂಟೆಯ ಅಡಿಯಲ್ಲಿ ಮೊಟ್ಟೆ ಇಟ್ಟು ಮರಿ ಮಾಡಿದರೂ ಮುಂದಿನ ತಲೆಮಾರಿಗೆ ಅದೇ ಗುಣ ಉಳಿಯುವುದಿಲ್ಲ. ಮತ್ತೆ ಮರಿಗಾಗಿ ಕೇಂದ್ರಕ್ಕೇ ಓಡಬೇಕು. ಕಾವು ಕೂರುವ ಗುಣವನ್ನು ಉಳಿಸಿಕೊಂಡೇ ಊರ ಕೋಳಿಯಲ್ಲಿ ಒಳ್ಳೆಯದನ್ನು ಆರಿಸುತ್ತಾ ಹೋಗುವುದು ಹೇಗೆ? ಇದು ಒಬ್ಬ ವಿದ್ಯಾರ್ಥಿ ಎರಡು ವರ್ಷದಲ್ಲಿ ಮುಗಿಸುವ ಕೆಲಸವಲ್ಲ. ಒಬ್ಬರ ಹಿಂದೆ ಒಬ್ಬರು ಹತ್ತು ವರ್ಷ ಮಾಡಬೇಕಾದ ಕೆಲಸ.

ಇನ್ನೊಂದು ಉದಾಹರಣೆ ದೂರದ್ದು, ಆದರೆ ನಮ್ಮ ಗೂಡಿಗೇ ಸಂಬಂಧಿಸಿದ್ದು. ಕೊಕ್ಕರೆ ರೋಗ, ಅಂದರೆ ರಾಣಿಕೇತ್, ನಮಗೆಲ್ಲ ಗೊತ್ತು. ಬಂದರೆ ಒಂದು ವಾರದಲ್ಲಿ ಗೂಡು ಖಾಲಿ. ಲಸಿಕೆ ಇಲ್ಲವೆಂದಲ್ಲ, ದಶಕಗಳಿಂದ ಇದೆ. ಆದರೆ ಅದನ್ನು ತಣ್ಣಗೇ ಇಡಬೇಕು, ಐಸಿನಲ್ಲಿ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಬಾಟ್ಲಿಯಲ್ಲಿ ನೂರು ಕೋಳಿಗೋ ಅದಕ್ಕಿಂತ ಹೆಚ್ಚಿಗೋ ಆಗುವಷ್ಟು ಮದ್ದು. ನನ್ನಲ್ಲಿರುವುದು 14 ಕೋಳಿ. ನಾವು ನೆರೆಕರೆಯ ಒಂಬತ್ತು ಮನೆಯವರು ಒಂದು ದಿನ ಗೊತ್ತುಮಾಡಿ, ಎಲ್ಲರೂ ಕೋಳಿ ಮುಚ್ಚಿಟ್ಟು, ಒಂದು ಬಾಟ್ಲಿ ಹಂಚಿಕೊಳ್ಳುತ್ತೇವೆ. ಒಗ್ಗಟ್ಟು ಇದ್ದಲ್ಲಿ ಇದು ನಡೆಯುತ್ತದೆ. ಇಲ್ಲದಲ್ಲಿ?

ಆಸ್ಟ್ರೇಲಿಯಾ ಸರಕಾರಕ್ಕೆ ಒಂದು ಸಂಸ್ಥೆ ಇದೆ, ಬಡ ದೇಶಗಳ ಕೃಷಿ ಸಂಶೋಧನೆಗೆ ಹಣ ಕೊಡುವುದೇ ಅದರ ಕೆಲಸ. 1980ರ ದಶಕದಲ್ಲಿ ಆ ಹಣದಿಂದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ಮತ್ತು ಜತೆಗಾರರು ಮಲೇಷ್ಯಾದವರೊಂದಿಗೆ ಸೇರಿ ಒಂದೇ ಪ್ರಶ್ನೆ ಹಿಡಿದರು: ಫ್ರಿಜ್ಜಿಲ್ಲದ ಹಳ್ಳಿಯಲ್ಲಿ ನಾಲ್ಕೈದು ಕೋಳಿ ಇರುವ ಮನೆಗೆ ರಾಣಿಕೇತ್ ಲಸಿಕೆ ಮುಟ್ಟಿಸುವುದು ಹೇಗೆ? ಅದರ ಫಲವಾಗಿ ಬಿಸಿಲಿಗೆ ಬೇಗ ಹಾಳಾಗದ ಲಸಿಕೆಗಳು ಬಂದವು. 1990ರ ದಶಕದಲ್ಲಿ ಬಂದ 'ಐ-2' ಎಂಬ ಲಸಿಕೆಯ ಮೂಲಬೀಜವನ್ನು ಬಡ ದೇಶಗಳ ಪ್ರಯೋಗಾಲಯಗಳಿಗೆ ಪುಕ್ಕಟೆಯಾಗಿ ಕೊಟ್ಟರು. ಮೊಜಾಂಬಿಕ್, ತಾಂಜಾನಿಯಾಗಳಲ್ಲಿ ಹಳ್ಳಿಯವರೇ ತರಬೇತಿ ಪಡೆದು ನಾಲ್ಕು ತಿಂಗಳಿಗೊಮ್ಮೆ ಕೋಳಿಯ ಕಣ್ಣಿಗೆ ಒಂದು ಹನಿ ಬಿಡುತ್ತಾ ಹೋದರು. ನಮ್ಮ ನೆರೆಯ ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಕೋಳಿಗೆ ತಿನ್ನಿಸುವ ಗುಳಿಗೆ ರೂಪದ ರಾಣಿಕೇತ್ ಲಸಿಕೆ ಮಾಡಿದೆ.

ರೋಗ ಅದೇ, ವಿಜ್ಞಾನವೂ ಅದೇ. ಬದಲಾದದ್ದು ಪ್ರಶ್ನೆ. ಆ ಪ್ರಶ್ನೆ ಕೇಳಲು ಯಾರೋ ಹಣ ಕೊಟ್ಟಿದ್ದರು.

ರಬ್ಬರಿನವರಿಗೆ ಇದು ಹೊಸತಲ್ಲ

ಬೆಳೆಯಿಂದಲೇ ಅದರ ಸಂಶೋಧನೆಗೆ ಹಣ ಎತ್ತುವುದು ನಮಗೇನೂ ಹೊಸ ಮಾತಲ್ಲ. ರಬ್ಬರು ಹಾಕಿದವರಿಗೆ ನೆನಪಿರಬಹುದು, ದೇಶದಲ್ಲಿ ಬೆಳೆದ ಪ್ರತಿ ಕಿಲೋ ರಬ್ಬರಿನ ಮೇಲೆ ಹಿಂದೆ ಸೆಸ್ ಇತ್ತು. ಖರೀದಿಸುವ ಕಾರ್ಖಾನೆಯವರು ಅದನ್ನು ಕಟ್ಟುತ್ತಿದ್ದರು. ರಬ್ಬರ್ ಬೋರ್ಡಿನ ಸಂಶೋಧನಾ ಸಂಸ್ಥೆಯಿಂದ ಬಂದ 105ನೇ ತಳಿ ಇವತ್ತು ಯಾರ ಗುಡ್ಡೆಯಲ್ಲಿ ಇಲ್ಲ ಹೇಳಿ? ಆಸ್ಟ್ರೇಲಿಯಾದಲ್ಲಿ ಕೋಳಿಗೂ ಹೀಗೇ ಇದೆ. ಮೊಟ್ಟೆಕೋಳಿಯ ಮರಿ ಒಂದಕ್ಕೆ ಇಷ್ಟು ಎಂದು ಲೆವಿ. ಸಂಶೋಧನೆಗೆ ಹೋಗುವ ಆ ಹಣಕ್ಕೆ ಸರಕಾರವೂ ಒಂದು ಮಿತಿಯೊಳಗೆ ಸರಿಸಮ ಸೇರಿಸುತ್ತದೆ.

ನಮ್ಮಲ್ಲಿ ಹಿತ್ತಿಲ ಕೋಳಿಗೆ ಲೆವಿ ಹಾಕಿ ಅಂತ ನಾನು ಹೇಳುತ್ತಿಲ್ಲ. ಸಂತೆಯಲ್ಲಿ ಎರಡು ಕೋಳಿ ಮಾರುವ ಹೆಂಗಸಿನ ಕೈಯಿಂದ ಕಸಿಯುವ ಯಾವ ಯೋಜನೆಯೂ ಬೇಡ. ಸರಕಾರದ ದುಡ್ಡು ಬೇರೆ ಕಡೆ ಹರಿಯುತ್ತಲೇ ಇದೆಯಲ್ಲ. 2021ರಲ್ಲಿ ಬದಲಾದ ರಾಷ್ಟ್ರೀಯ ಜಾನುವಾರು ಮಿಶನ್ನಿನಲ್ಲಿ ಸಾವಿರ ತಾಯಿಕೋಳಿಗಳ ಫಾರ್ಮು, ಮರಿ ಮಾಡುವ ಘಟಕ ಹಾಕುವವರಿಗೆ 25 ಲಕ್ಷದ ತನಕ ಸಹಾಯಧನ ಇಟ್ಟರು. ಒಂದು ಫಾರ್ಮಿನ ಸಹಾಯಧನದಲ್ಲಿ ಎಷ್ಟು ವಿದ್ಯಾರ್ಥಿಗಳು ಹಳ್ಳಿಯಲ್ಲಿ ಕೂತು ಕೆಲಸ ಮಾಡಬಹುದು, ಲೆಕ್ಕ ಹಾಕಿ.

ನಾವೇ ಶುರು ಮಾಡಬಹುದು

ಸರಕಾರ ಮಾಡಲಿ ಎಂದು ಕಾಯುವಾಗಲೇ ನಮ್ಮ ಕೈಯಲ್ಲಿ ಆಗುವುದೊಂದು ಇದೆ. ಒಂದು ತಾಲೂಕಿನಲ್ಲಿ 40 ಹಾಲಿನ ಸೊಸೈಟಿಗಳು ಇವೆ ಅಂತ ಇಟ್ಟುಕೊಳ್ಳಿ. ಒಂದೊಂದು ಸೊಸೈಟಿ ಮಹಾಸಭೆಯಲ್ಲಿ ನಿರ್ಣಯ ಮಾಡಿ ವರ್ಷಕ್ಕೆ 5,000 ರೂಪಾಯಿ ಕೊಟ್ಟರೆ 2 ಲಕ್ಷ ಆಯಿತು. ತಿಂಗಳಿಗೆ 10,000ದಂತೆ ಒಬ್ಬ ವಿದ್ಯಾರ್ಥಿಗೆ 1 ಲಕ್ಷದ 20 ಸಾವಿರ. ಉಳಿದ 80,000 ಬಸ್ಸಿಗೆ, ಲಸಿಕೆಗೆ, ಪ್ರಯೋಗದಲ್ಲಿ ಸತ್ತ ಕೋಳಿಗೆ ಮನೆಯವರಿಗೆ ಕೊಡುವ ಪರಿಹಾರಕ್ಕೆ. ಹಾಲಿನ ಸೊಸೈಟಿಯ ದುಡ್ಡು ಕೋಳಿಗೆ ಯಾಕೆ ಎಂದು ಕೇಳುವವರಿದ್ದಾರೆ. ಹಾಲು ಹಾಕುವ ಮನೆಯಲ್ಲೇ ಕೋಳಿಯೂ ಇರುವುದಲ್ಲವೇ?

ದುಡ್ಡು ಕೊಟ್ಟ ಮೇಲೆ ಷರತ್ತು ಹಾಕುವ ಹಕ್ಕೂ ನಮಗಿದೆ. ನನ್ನ ಮನಸ್ಸಿನಲ್ಲಿರುವುದು ನಾಲ್ಕು. ಒಂದು, ಪ್ರಯೋಗ ಕಾಲೇಜಿನ ಶೆಡ್ಡಿನಲ್ಲಲ್ಲ, ಕಡಿಮೆಯೆಂದರೆ ಇಪ್ಪತ್ತು ಮನೆಗಳ ಅಂಗಳದಲ್ಲಿ ನಡೆಯಬೇಕು. ಎರಡು, ವಿಷಯ ಆರಿಸುವ ಸಮಿತಿಯಲ್ಲಿ ಕೋಳಿ ಸಾಕುವ ಇಬ್ಬರು ಹೆಂಗಸರು ಇರಬೇಕು. ಮೂರು, ಮುಂಗುಸಿ ಹಿಡಿದದ್ದು, ಮಾರಿದ್ದು, ಸಾರಾದದ್ದು ಎಲ್ಲವನ್ನೂ ಲೆಕ್ಕದಲ್ಲಿ ಬರೆಯಬೇಕು. ಅದೇ ನಮ್ಮ ಕೋಳಿ ಸಾಕಣೆಯ ನಿಜ ಸ್ಥಿತಿ. ನಾಲ್ಕು, ಪ್ರಬಂಧ ಇಂಗ್ಲಿಷಿನಲ್ಲಿ ಎಷ್ಟು ಪುಟ ಬೇಕಾದರೂ ಇರಲಿ, ಫಲಿತಾಂಶ ಕನ್ನಡದಲ್ಲಿ ಎರಡು ಪುಟಕ್ಕೆ ಇಳಿದು ಸೊಸೈಟಿಯ ಗೋಡೆಗೆ ಬರಬೇಕು.

ಪ್ರಶ್ನೆಗಳಿಗೇನು ಬರವೇ? ಮೊದಲ ಎರಡು ತಿಂಗಳಲ್ಲೇ ಮರಿಗಳು ಅರ್ಧಕ್ಕರ್ಧ ಹೋಗುತ್ತವಲ್ಲ, ಕಾಗೆ-ಗಿಡುಗನಿಂದ ಎಷ್ಟು, ಮಳೆಗಾಲದ ಥಂಡಿಯಿಂದ ಎಷ್ಟು, ಯಾವ ಅಗ್ಗದ ಗೂಡಿನಿಂದ ಎಷ್ಟು ಉಳಿಸಬಹುದು? ಅಡಿಕೆಗೆ ಬೋರ್ಡೋ ಹೊಡೆದ ತೋಟದಲ್ಲಿ ಕೆದಕುವ ಕೋಳಿಗೆ, ಅದರ ಮೊಟ್ಟೆಗೆ ಏನಾದರೂ ಆಗುತ್ತದೆಯೇ? ಅಜೋಲಾ, ಗೆದ್ದಲು, ಹಲಸಿನ ಬೇಳೆ ಕೊಟ್ಟರೆ ಅಂಗಡಿಯ ಆಹಾರ ಎಷ್ಟು ಕಡಿಮೆ ಮಾಡಬಹುದು? ನಮ್ಮ ಊರಿನಲ್ಲಿ ಕೊಕ್ಕರೆ ರೋಗ ಯಾವ ತಿಂಗಳು ಹೆಚ್ಚು, ಲಸಿಕೆ ಯಾವ ತಿಂಗಳು ಹಾಕಬೇಕು?

ರೈತರು ಹಣ ಕೊಟ್ಟರೆ ಸರಕಾರ ಕೈತೊಳೆದುಕೊಳ್ಳುತ್ತದೆ ಅಂತ ಒಬ್ಬ ಮಿತ್ರರು ವಾದಿಸಿದರು. ಆ ಹೆದರಿಕೆ ಸುಳ್ಳಲ್ಲ. ಅದಕ್ಕೇ ನಮ್ಮ ಹಣ ಸಣ್ಣದಿರಲಿ, ಅಷ್ಟೇ ಹಣ ವಿಶ್ವವಿದ್ಯಾಲಯವೂ ಹಾಕಬೇಕು ಎನ್ನುವ ಕರಾರು ಇರಲಿ ಅನ್ನುತ್ತೇನೆ. ಬರೀ ಮನವಿ ಕೊಟ್ಟವರಿಗೆ ಹಿಂಬರಹ ಸಿಗುತ್ತದೆ. ಅರ್ಧ ಹಣ ಹಿಡಿದು ಹೋದವರಿಗೆ ಕುರ್ಚಿ ಕೊಟ್ಟು ಮಾತಾಡಿಸುತ್ತಾರೆ.

ನಿಮ್ಮ ಸೊಸೈಟಿಯ ಮುಂದಿನ ಮಹಾಸಭೆಯಲ್ಲಿ ಈ ವಿಷಯ ಎತ್ತಿ ನೋಡಿ. ಕೋಳಿ ಸಾಕುವ ಅಕ್ಕಂದಿರೇ ಎದ್ದು ನಿಂತು ಹೇಳಿದರೆ ಇನ್ನೂ ಒಳ್ಳೆಯದು. ನಿಮ್ಮ ಗೂಡಿನ ಪ್ರಶ್ನೆ ಯಾವುದು, ಅದನ್ನೂ ಪತ್ರಿಕೆಗೆ ಬರೆಯಿರಿ. ಹತ್ತು ಊರಿನ ಪ್ರಶ್ನೆ ಒಟ್ಟಾದರೆ ಮೊದಲ ವಿದ್ಯಾರ್ಥಿಗೆ ಕೆಲಸ ಸಿದ್ಧವಾಯಿತು.