ತಿರುವಿನಲ್ಲಿ ವಿವೇಕ

ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ನಾಲ್ಕು ದಾರಿಗಳು ಕೂಡುವ ಊರು. ಇಲ್ಲಿಂದ ಒಂದು ದಾರಿ ಶಿವಮೊಗ್ಗಕ್ಕೂ, ಒಂದು ಹೊಸನಗರಕ್ಕೂ, ಒಂದು ತೀರ್ಥಹಳ್ಳಿಗೂ, ಮತ್ತೊಂದು ಆನಂದಪುರದ ಮೂಲಕ ಸಾಗರಕ್ಕೂ ಹೋಗುತ್ತದೆ. ಮಲೆನಾಡಿನ ರಸ್ತೆ ಗುಡ್ಡವನ್ನು ಬಳಸಿ, ಹಳ್ಳವನ್ನು ತಪ್ಪಿಸಿ, ತೋಟದ ಅಂಚನ್ನು ಹಿಡಿದು ಸಾಗುತ್ತದೆ. ಬಹುದೂರ ನೇರವಾಗಿ ಹೋಗುವುದು ಅದರ ಸ್ವಭಾವವಲ್ಲ. ಆದ್ದರಿಂದ ಇಲ್ಲಿ ವಾಹನ ನಡೆಸುವವನ ಯೋಗ್ಯತೆಯನ್ನು ನೇರ ದಾರಿಯಲ್ಲಿ ಅಳೆಯಲಾಗದು. ಅದನ್ನು ಅಳೆಯಬೇಕಾದುದು ತಿರುವಿನಲ್ಲಿ.

ಚಲಿಸುವ ವಸ್ತು, ಹೊರಗಿನ ಬಲವೊಂದು ತಡೆಯದಿದ್ದರೆ, ನೇರವಾಗಿಯೇ ಚಲಿಸುತ್ತದೆ. ಈ ನಿಯಮವನ್ನು ನ್ಯೂಟನ್ 1687ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರೂಪಿಸಿದನು. ವಾಹನವೂ ಇದಕ್ಕೆ ಹೊರತಲ್ಲ. ತಿರುವಿನಲ್ಲಿ ಅದನ್ನು ರಸ್ತೆಯ ಮೇಲೆ ಹಿಡಿದಿಡುವುದು ಟಯರಿಗೂ ರಸ್ತೆಗೂ ನಡುವಣ ಘರ್ಷಣೆ. ವೇಗ ಎರಡರಷ್ಟಾದರೆ ಬೇಕಾಗುವ ಹಿಡಿತ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸುಲಭವಾಗಿ ದಾಟಿದ ತಿರುವು 40ರಲ್ಲಿ ಕಷ್ಟವಾಗಿ, 60ರಲ್ಲಿ ಅಸಾಧ್ಯವಾಗುವುದು ಈ ಕಾರಣದಿಂದಲೇ. ಮಳೆ ಸುರಿದು, ಕೆಮ್ಮಣ್ಣಿನ ರಾಡಿ ಹರಿದು, ಕೊಳೆತ ಎಲೆಗಳು ರಸ್ತೆಗೆ ಅಂಟಿಕೊಂಡಾಗ ಇರುವ ಹಿಡಿತವೂ ಕುಗ್ಗುತ್ತದೆ. ಪ್ರಕೃತಿಯ ನಿಯಮದೊಡನೆ ಯಾರ ಧೈರ್ಯವೂ ನಡೆಯುವುದಿಲ್ಲ.

ಆದರೂ ವೇಗವನ್ನು ಸಮರ್ಥಿಸುವವರು ಇದ್ದೇ ಇದ್ದಾರೆ. ‘ಹುಟ್ಟಿದಂದಿನಿಂದ ಓಡಾಡಿದ ದಾರಿ ಇದು, ಕಣ್ಣು ಮುಚ್ಚಿಕೊಂಡೂ ಹೋಗಬಲ್ಲೆ’ ಎಂಬುದು ಅವರ ಮೊದಲ ವಾದ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ತಿರುವು ಎಷ್ಟು ಬಾಗಿದೆ, ಮೋರಿ ಎಲ್ಲಿದೆ ಎಂಬುದನ್ನು ಅವರು ಬಲ್ಲರು. ಆದರೆ ಇಂದು, ಈ ಗಳಿಗೆಯಲ್ಲಿ, ತಿರುವಿನ ಆಚೆ ಏನಿದೆ ಎಂಬುದನ್ನು ಅವರು ಬಲ್ಲರೆ? ರಾತ್ರಿಯ ಗಾಳಿಗೆ ಮರದ ಕೊಂಬೆ ಮುರಿದು ಬಿದ್ದಿರಬಹುದು. ಮಳೆಯಲ್ಲಿ ನೆನೆದ ದನಗಳು ಡಾಂಬರಿನ ಮೇಲೆ ಮಲಗಿರಬಹುದು. ಶಾಲೆಗೆ ಹೊರಟ ಮಕ್ಕಳು ಕೊಡೆ ಹಿಡಿದು ಸಾಲಾಗಿ ಬರುತ್ತಿರಬಹುದು. ದಾರಿಯ ಪರಿಚಯ ಬೇರೆ, ದಾರಿಯ ಮೇಲೆ ಇರುವವರ ಪರಿಚಯ ಬೇರೆ.

ಇದೇ ಜಿಲ್ಲೆಯ ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಹೊಸನಗರದ ಕಡೆಯಿಂದ ಕುಂದಾಪುರಕ್ಕೆ ಇಳಿಯುವವರಿಗೆ ಹುಲಿಕಲ್ ಘಾಟಿ ಎದುರಾಗುತ್ತದೆ. ಅಲ್ಲಿ ಪ್ರಪಾತ ಕಣ್ಣಿಗೆ ಕಾಣುವುದರಿಂದ ಮನಸ್ಸು ತಾನಾಗಿಯೇ ಎಚ್ಚರಗೊಳ್ಳುತ್ತದೆ. ಊರಿನ ಪಕ್ಕದ ಸಣ್ಣ ತಿರುವಿನಲ್ಲಿ ಪ್ರಪಾತವಿಲ್ಲ. ಆದ್ದರಿಂದ ಭಯವೂ ಇಲ್ಲ. ಆದರೆ ಕಾಣದ ಅಪಾಯ ಇಲ್ಲದ ಅಪಾಯವಲ್ಲ.

ಹಾಗಾದರೆ ತಿರುವಿಗೆ ತಕ್ಕ ವೇಗ ಯಾವುದು? ಕಣ್ಣಿಗೆ ಕಾಣುವಷ್ಟು ದೂರದೊಳಗೆ ವಾಹನವನ್ನು ನಿಲ್ಲಿಸಲು ಸಾಧ್ಯವಾಗುವ ವೇಗವೇ ತಕ್ಕ ವೇಗ. ರಸ್ತೆ ಕಿರಿದಾಗಿದ್ದರೆ ಕಾಣುವ ದೂರದ ಅರ್ಧದಲ್ಲೇ ನಿಲ್ಲಬೇಕು. ಉಳಿದರ್ಧ ಎದುರಿನಿಂದ ಬರುವವನಿಗೆ ಸೇರಿದ್ದು. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ 11 ಮೀಟರ್ ಸಾಗುತ್ತದೆ. ಅಡ್ಡಿಯನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲೇ ಆ ಒಂದು ಸೆಕೆಂಡು ಕಳೆದಿರುತ್ತದೆ. ಒದ್ದೆ ರಸ್ತೆಯಲ್ಲಿ ಅದು ಪೂರ್ಣವಾಗಿ ನಿಲ್ಲಲು ಒಟ್ಟು 25 ಮೀಟರಿಗೂ ಹೆಚ್ಚು ದೂರ ಬೇಕು. ವೇಗ 20ಕ್ಕೆ ಇಳಿದರೆ ಸುಮಾರು 10 ಮೀಟರು ಸಾಕು.

ಈ ವೇಗವನ್ನು ತಿರುವಿನೊಳಗೆ ಹೊಕ್ಕ ಮೇಲೆ ಆರಿಸಿಕೊಳ್ಳುವಂತಿಲ್ಲ. ಹೊಗುವ ಮೊದಲೇ ನಿರ್ಧರಿಸಬೇಕು. ಟಯರಿಗೆ ಇರುವ ಹಿಡಿತಕ್ಕೆ ಮಿತಿಯುಂಟು. ಬಾಗುತ್ತಿರುವಾಗಲೇ ಬ್ರೇಕನ್ನು ಬಲವಾಗಿ ಒತ್ತಿದರೆ ಆ ಹಿಡಿತ ಎರಡು ಕೆಲಸಗಳಿಗೆ ಹಂಚಿಹೋಗಿ ವಾಹನ ಜಾರುತ್ತದೆ. ನೇರ ದಾರಿಯಲ್ಲಿರುವಾಗಲೇ ವೇಗ ತಗ್ಗಿಸಿ, ತಕ್ಕ ಗೇರಿಗೆ ಬಂದು, ಎಡಬದಿಯನ್ನು ಬಿಡದೆ ಸಾಗುವುದೇ ಸರಿಯಾದ ಕ್ರಮ. ಏರು ರಸ್ತೆ ಇಕ್ಕಟ್ಟಾಗಿರುವಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಿಯಮ.

ನಿಧಾನದಿಂದ ಹೊತ್ತು ಹಾಳಾಗುತ್ತದೆ ಎಂಬುದು ಎರಡನೆಯ ವಾದ. ಲೆಕ್ಕ ಹಾಕಿದರೆ ಇದರ ಹುರುಳು ತಿಳಿಯುತ್ತದೆ. 60 ಮೀಟರ್ ಉದ್ದದ ತಿರುವನ್ನು 50ರ ಬದಲು 25 ಕಿಲೋಮೀಟರ್ ವೇಗದಲ್ಲಿ ದಾಟಿದರೆ ತಗಲುವ ಹೆಚ್ಚಿನ ಕಾಲ ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಇಂಥ ಇಪ್ಪತ್ತು ತಿರುವುಗಳಿದ್ದರೂ, ವೇಗ ಇಳಿಸಿ ಏರಿಸುವ ಕಾಲವೂ ಸೇರಿ, ತಡವಾಗುವುದು ಎರಡು ಮೂರು ನಿಮಿಷ ಮಾತ್ರ. ಅಷ್ಟನ್ನು ಉಳಿಸಲು ಒಂದು ಜೀವವನ್ನು ಪಣವಾಗಿಡುವುದು ಯಾವ ಜಾಣತನ?

ಹದಿನೆಂಟು ತುಂಬದವರು ಕಾರು, ಬಸ್ಸುಗಳನ್ನು ನಡೆಸುವಂತಿಲ್ಲ. ಹಾಗೆಂದು ಈ ವಿಚಾರ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಲ್ಲವೆನ್ನಲಾಗದು. ಇಳಿಜಾರಿನಲ್ಲಿ ಸೈಕಲ್ ಬಿಡುವ ಬಾಲಕನಿಗೂ ಅದೇ ನಿಯಮ ಅನ್ವಯಿಸುತ್ತದೆ. ಬೈಕಿನ ಹಿಂದೆ ಕುಳಿತ ತಂಗಿ ‘ಅಣ್ಣಾ, ತಿರುವು ಬಂತು, ನಿಧಾನ’ ಎಂದು ಹೇಳಿದರೆ ಅದು ಹೇಡಿತನವಲ್ಲ. ಆ ಮಾತಿಗೆ ಕಿವಿಗೊಡುವ ಅಣ್ಣನೂ ಚಿಕ್ಕವನಾಗುವುದಿಲ್ಲ. ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳಿದ್ದಾರೆ. ತಿರುವಿನಲ್ಲಿ ತಾಳಿದವನು ತಾನು ಬಾಳುವುದಲ್ಲದೆ, ತಿರುವಿನ ಆಚೆ ಇರುವ ಅಪರಿಚಿತನನ್ನೂ ಬಾಳಗೊಡುತ್ತಾನೆ.