ಶಿಲ್ಕು ತಾಳೆಯಾದರೆ ಪತ್ತು ಉಳಿದೀತು

ಅಂಗಡಿಯ ಬೆಲೆಯನ್ನು ಗೋದಾಮಿನ ಸರಕಿನಿಂದ ಮಾತ್ರ ಅಳೆಯಲಾಗದು, ಪೇಟೆಯಲ್ಲಿ ಅದಕ್ಕಿರುವ ಪತ್ತೂ ಅದರಲ್ಲಿ ಸೇರಿದೆ ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಸಂಜೆ ಕೀರ್ದಿ ಬರೆದು, ಪೆಟ್ಟಿಗೆಯ ಹಣ ಎಣಿಸಿ, ಶಿಲ್ಕು ತಾಳೆಯಾದ ಮೇಲೆಯೇ ಬಾಗಿಲು ಹಾಕುತ್ತಿದ್ದರು. ದೊಡ್ಡ ಕಂಪನಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಸಂಗತಿಯನ್ನೇ ನೋಡೋಣ. ಅದರ ನಿರ್ದೇಶಕ ಮಂಡಳಿಯಲ್ಲಿ ಹೆಸರಾಂತ ಪ್ರಾಧ್ಯಾಪಕರಿದ್ದರು. ಉತ್ತಮ ಆಡಳಿತಕ್ಕೆಂದು 2008ರಲ್ಲಿ ಪ್ರಶಸ್ತಿಯೂ ಬಂದಿತ್ತು. ಅದೇ ಡಿಸೆಂಬರಿನಲ್ಲಿ ಅಧ್ಯಕ್ಷರ ಮನೆತನಕ್ಕೆ ಸೇರಿದ ಮೇಟಾಸ್ ಕಂಪನಿಗಳನ್ನು ಕೊಳ್ಳಲು ಮಂಡಳಿ ಒಪ್ಪಿ, ಷೇರುದಾರರು ತಿರುಗಿಬಿದ್ದಾಗ ಕೈಬಿಟ್ಟಿತು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂ. ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ! ಹಿಂದಿನ ದಿನ ಸುಮಾರು 179 ರೂ. ಇದ್ದ ಷೇರು ಆ ಸಂಜೆ 40 ರೂ.ಗೆ ಇಳಿಯಿತು. ಏಪ್ರಿಲಿನಲ್ಲಿ ಟೆಕ್ ಮಹೀಂದ್ರ 58 ರೂ. ದರದಲ್ಲಿ ಕಂಪನಿಯನ್ನು ವಹಿಸಿಕೊಂಡಿತು.

ನೌಕರರು, ಕಟ್ಟಡಗಳು ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಮಾಯವಾದದ್ದು ಇಲ್ಲದ ಹಣದ ಮೇಲಿನ ಭರವಸೆ, ಅದರೊಡನೆ ಪತ್ತು. ಬ್ಯಾಂಕಿನಿಂದಲೇ ನೇರವಾಗಿ ಶಿಲ್ಕಿನ ಪತ್ರ ತರಿಸಿ ತಾಳೆ ನೋಡಿದ್ದರೆ ಸುಳ್ಳು ಬಹು ಮೊದಲೇ ಹೊರಬೀಳುತ್ತಿತ್ತು.

ಆಮೇಲೆ ಕಾನೂನು ಬಿಗಿಯಾಯಿತು. 2013ರ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕ ಪರಿಶೋಧನಾ ಸಮಿತಿಯ ಅಧ್ಯಕ್ಷರಿಗೂ ಬಹುಪಾಲು ಸದಸ್ಯರಿಗೂ ಲೆಕ್ಕಪತ್ರ ಓದಿ ತಿಳಿಯುವ ಶಕ್ತಿ ಇರಬೇಕು. ಷೇರುಪೇಟೆಯ ಕಂಪನಿಗಳಿಗೆ ಸೆಬಿಯ 2015ರ ನಿಯಮಗಳು ಇನ್ನೂ ಮುಂದೆ ಹೋಗಿ, ಸದಸ್ಯರೆಲ್ಲರಿಗೂ ಈ ತಿಳಿವಳಿಕೆ ಬೇಕು, ಒಬ್ಬರಾದರೂ ಲೆಕ್ಕಶಾಸ್ತ್ರದಲ್ಲಿ ಪಳಗಿದವರಿರಬೇಕು ಎಂದಿವೆ. ಬರಿಯ ಹೆಸರು, ಪದವಿ ಸಾಲದು ಎಂಬುದೇ ಇದರ ತಾತ್ಪರ್ಯ.

ಬಂಧುಗಳೇ, ನಮ್ಮ ಅನೇಕ ಅಡತಿ ಅಂಗಡಿಗಳು, ಗಿರಣಿಗಳು ಇಂದು ಪ್ರೈವೇಟ್ ಲಿಮಿಟೆಡ್ ಆಗಿವೆ. ಇವುಗಳಿಗೆ ಅಂಥ ಸಮಿತಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಅಣ್ಣ ಹೇಳಿದಲ್ಲಿ ತಮ್ಮ ಸಹಿ ಹಾಕುತ್ತಾನೆ. ನಿರ್ದೇಶಕಿಯೆಂದು ಹೆಸರಿರುವ ಸೊಸೆ ಅಢಾವೆ ಪತ್ರಿಕೆಯನ್ನು ಕಣ್ಣಿಂದ ನೋಡಿರುವುದಿಲ್ಲ. ಮುಂದೆ ಪಾಲು ಮಾಡುವಾಗ, ಬ್ಯಾಂಕಿನಲ್ಲಿ ಸಾಲ ಕೇಳುವಾಗ ಸಂಶಯ ತಲೆಯೆತ್ತುತ್ತದೆ. ಸಂಶಯ ಬಂದಲ್ಲಿ ಬೆಲೆ ಇಳಿಯಿತೆಂದೇ ತಿಳಿಯಿರಿ.

ಆದ್ದರಿಂದ ಮಗನಿಗೂ ಮಗಳಿಗೂ ಸೊಸೆಗೂ ಲೆಕ್ಕ ಕಲಿಸೋಣ. ಮನೆಯವರ ಖರ್ಚನ್ನು ಕಂಪನಿಯ ಖರ್ಚಿನೊಡನೆ ಬೆರೆಸದಿರೋಣ. ನಂಟರೊಡನೆ ನಡೆದ ವ್ಯವಹಾರವನ್ನು ಬೇರೆಯಾಗಿ ಬರೆದಿಡೋಣ. ತಿಂಗಳಿಗೊಮ್ಮೆ ಪಾಲುದಾರರೆಲ್ಲ ಕುಳಿತು ಬ್ಯಾಂಕಿನ ಶಿಲ್ಕು ತಾಳೆ ನೋಡೋಣ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ, ಅಣ್ಣತಮ್ಮಂದಿರ ನಂಬಿಕೆಗೆ ಅದೇ ಕಾವಲು.