ನೊರೆಕಾಯಿಯ ನೊರೆ, ಕೆರೆಯ ನೊರೆ



೨೦೧೭ರ ಮಳೆಗಾಲದಲ್ಲಿ ವೈಟ್‌ಫೀಲ್ಡಿನ ಭಕ್ತರೊಬ್ಬರ ಗೃಹಪ್ರವೇಶಕ್ಕೆಂದು ನಾವು ಹೊರಟಿದ್ದೆವು. ವರ್ತೂರು ಕೋಡಿಯ ಬಳಿ ಬಂದಾಗ ಕೆರೆಯ ಕಡೆಯಿಂದ ಬೆಳ್ಳನೆಯ ನೊರೆಯು ಅರಳೆಯ ರಾಶಿಯಂತೆ ಮೇಲೆದ್ದು, ಗಾಳಿಗೆ ಹಾರಿ ವಾಹನಗಳ ಮೇಲೆ ಬೀಳುತ್ತಿತ್ತು. ನಮ್ಮೊಡನಿದ್ದ ಬಾಲಕನೊಬ್ಬ "ಅಜ್ಜಾ, ಹಿಮ!" ಎಂದು ಕೈತಟ್ಟಿದನು. ಮರುಕ್ಷಣವೇ ದುರ್ವಾಸನೆ ಬಡಿದು ಅದೇ ಕೈ ಮೂಗಿನ ಮೇಲೆ ಹೋಯಿತು.

ಬೆಂಗಳೂರಿನ ಒಂದು ದೊಡ್ಡ ಭಾಗದ ಬಚ್ಚಲ ನೀರು ಬೆಳ್ಳಂದೂರು ಕೆರೆಗೆ ಹರಿದು, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ನಾವು ಬಟ್ಟೆಗೂ ಪಾತ್ರೆಗೂ ಬಳಸುವ ಮಾರ್ಜಕಗಳ ನೊರೆಕಾರಕ ಅಂಶವು ಕೆರೆಯ ತಳದ ಹೂಳಿನಲ್ಲಿ ಸಂಚಯವಾಗಿ, ಮಳೆಗೆ ನೀರು ಕದಡಿ ಕೋಡಿಯಲ್ಲಿ ಧುಮುಕಿದಾಗ ನೊರೆಯಾಗಿ ಏಳುವುದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಇದೇ ಬೆಳ್ಳಂದೂರು ಕೆರೆಯಲ್ಲಿ ೨೦೧೫, ೨೦೧೭ ಮತ್ತು ೨೦೧೮ರಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ಕೆರೆಗೆ ಬೆಂಕಿ ಬಿದ್ದಿತೆಂದರೆ ನಮ್ಮ ಹಿರಿಯರು ಒಗಟೆಂದು ತಿಳಿಯುತ್ತಿದ್ದರು. ಪೀಣ್ಯದ ಕಡೆಯಿಂದ ಹರಿಯುವ ವೃಷಭಾವತಿಯು ನಂದಿಯ ಹೆಸರು ಹೊತ್ತ ನದಿ. ಅದು ಬೈರಮಂಗಲ ಕೆರೆಗೆ ಹೊತ್ತೊಯ್ಯುವುದೂ ಇದೇ ನೊರೆಯನ್ನು. ಅಲ್ಲಿ ಕಾರ್ಖಾನೆಗಳ ಪಾಲು ದೊಡ್ಡದು, ನಿಜ. ಆದರೆ ಕಾರ್ಖಾನೆಗಳನ್ನು ದೂಷಿಸುವ ನಾವು ನಮ್ಮ ಬಚ್ಚಲಿನ ಲೆಕ್ಕವನ್ನು ಹೇಳುವುದಿಲ್ಲ.

ಗೃಹಪ್ರವೇಶದ ಮನೆಯ ಅಡುಗೆಕೋಣೆಯಲ್ಲಿ ಏಳು ಬಣ್ಣಬಣ್ಣದ ಸೀಸೆಗಳನ್ನು ಕಂಡೆವು. ನೆಲಕ್ಕೊಂದು, ಗಾಜಿಗೊಂದು, ಪಾತ್ರೆಗೊಂದು. "ಮಠದಲ್ಲಿ ಇಷ್ಟೆಲ್ಲ ಇರಲಿಲ್ಲ, ತಾಯಿ" ಎಂದೆವು. ಮನೆಯ ಸೊಸೆ ನಗುತ್ತಲೇ, "ಗುರುಗಳೇ, ಮಠದಲ್ಲಿ ಪಾತ್ರೆ ಬೆಳಗಲು ಹತ್ತು ಜನ ವಟುಗಳಿದ್ದರು. ಇಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವಳು ನಾನೊಬ್ಬಳೇ" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಹತ್ತು ವಟುಗಳಲ್ಲಿ ನಾವೂ ಒಬ್ಬರು. ದಾಸೋಹದ ತಾಮ್ರದ ಕೊಳಗಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ ಬೆರಳು ಸವೆದ ನೆನಪು ಇಂದಿಗೂ ಇದೆ. ಆದುದರಿಂದ ಹೆಚ್ಚು ಶ್ರಮವಿಲ್ಲದವುಗಳನ್ನೇ ಇಲ್ಲಿ ಹೇಳುತ್ತೇವೆ.

ತಾಮ್ರ, ಹಿತ್ತಾಳೆಗೆ ಹುಣಸೆಯನ್ನು ಮೀರಿದ್ದಿಲ್ಲ. ಅದರ ಹುಳಿಯು ಕಿಲುಬನ್ನು ಕರಗಿಸುತ್ತದೆ. ಸಾರಿಗೆ ಹಿಂಡಿದ ಮೇಲೆ ಉಳಿವ ಚರಟವೂ, ಪಾನಕ ಮಾಡಿ ಎಸೆಯುವ ನಿಂಬೆಯ ಸಿಪ್ಪೆಗೆ ಚಿಟಿಕೆ ಉಪ್ಪು ಸೇರಿಸಿದರೆ ಅದೂ ಸಾಕು. ಎಣ್ಣೆಯ ಜಿಡ್ಡಿಗೆ ಜರಡಿ ಹಿಡಿದ ಬೂದಿ ಶ್ರೇಷ್ಠ; ಅದರ ಕ್ಷಾರವು ಜಿಡ್ಡಿನೊಡನೆ ಕೂಡಿ ಅಲ್ಲಿಯೇ ಸಾಬೂನಿನಂತಾಗುತ್ತದೆ. ಗ್ಯಾಸಿನ ಮನೆಯಲ್ಲಿ ಬೂದಿಯೆಲ್ಲಿ ಎಂದು ಕೇಳಬಹುದು. ಇದ್ದಿಲಿನ ಇಸ್ತ್ರಿಪೆಟ್ಟಿಗೆಯವರು ಇನ್ನೂ ಇರುವ ಬೀದಿಗಳಲ್ಲಿ ಕೇಳಿದರೆ ಕೊಡುತ್ತಾರೆ, ಇಲ್ಲವಾದರೆ ಅಡುಗೆ ಸೋಡಾ ಇದೆ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಎರಡೂ ಬೇಡ, ಕಪ್ಪಾಗುತ್ತದೆ. ಕೆಲವರು ಬೆಳ್ಳಿಯನ್ನು ವಿಭೂತಿಯಿಂದಲೇ ಉಜ್ಜುವುದುಂಟು. ಹಣೆಗೆ ಧರಿಸುವುದನ್ನು ಬಚ್ಚಲಿಗೆ ಹರಿಸಲು ನಮ್ಮ ಮನಸ್ಸಂತೂ ಒಪ್ಪದು.

ಅಂಟುವಾಳವನ್ನು, ಅಂದರೆ ನೊರೆಕಾಯಿಯನ್ನು, ಇಂದಿನ ಮಕ್ಕಳು ನೋಡಿಯೇ ಇಲ್ಲ. ಹತ್ತು ಹನ್ನೆರಡು ಕಾಯಿಗಳ ಬೀಜ ತೆಗೆದು, ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕುದಿಸಿ ಕಿವುಚಿ ಸೋಸಿದರೆ ರೇಷ್ಮೆಗೂ ಉಣ್ಣೆಗೂ ಚಿನ್ನದ ಒಡವೆಗೂ ಒದಗುತ್ತದೆ. ಕಣ್ಣಿಗೆ ಬಿದ್ದರೆ ಉರಿಯುವುದು. ಇದರ ನೊರೆಯೂ ಮೀನಿಗೆ ಹಿತವಲ್ಲ. ಹಿಂದೆ ಮೀನಿಗೆ ಮತ್ತು ಬರಿಸಿ ಹಿಡಿಯಲು ಇದನ್ನೇ ಬಳಸುತ್ತಿದ್ದರು. ಆದರೆ ಮಣ್ಣು ಸೇರಿದರೆ ಕೊಳೆತು ಇಲ್ಲವಾಗುತ್ತದೆಯಾದ್ದರಿಂದ ಗಿಡದ ಬುಡಕ್ಕೆ ಚೆಲ್ಲುವುದೇ ಲೇಸು.

ಬಹುಮಹಡಿ ಮನೆಗಳ ತಾಯಂದಿರು ಈಚೆಗೆ ಇನ್ನೊಂದನ್ನು ರೂಢಿಸಿಕೊಂಡಿದ್ದಾರೆ. ಬೆಲ್ಲ ಒಂದು ಪಾಲು, ಕಿತ್ತಳೆ ನಿಂಬೆಗಳ ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮೂರು ತಿಂಗಳು ಹುಳಿಸುವುದು. ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಗಾಳಿ ಬಿಡದಿದ್ದರೆ ಡಬ್ಬಿ ಸಿಡಿದೀತು. ಸೋಸಿದ ರಸವನ್ನು ನೀರಿಗೆ ಬೆರೆಸಿ ನೆಲ ಒರೆಸಬಹುದು. ಅಮೃತಶಿಲೆ, ಕಡಪಕಲ್ಲು, ಶಹಾಬಾದ್ ಕಲ್ಲಿನ ನೆಲಕ್ಕೆ ಯಾವ ಹುಳಿಯೂ ಸಲ್ಲದು. ಸುಣ್ಣದಂಶದ ಆ ಕಲ್ಲು ಕರಗಿ ಹೊಳಪು ಕೆಡುತ್ತದೆ. ವಿನಿಗರ್‌ಗೆ ಸೋಡಾ ಬೆರೆಸಿ ಬುಸುಗುಟ್ಟಿಸುವವರಿಗೂ ಒಂದು ಮಾತು: ಒಂದು ಇನ್ನೊಂದರ ಶಕ್ತಿಯನ್ನು ಕಳೆದು ಉಳಿಯುವುದು ಬರಿಯ ಉಪ್ಪುನೀರು.

ಇನ್ನೊಂದು ವಿಷಯವನ್ನು ದುಃಖದಿಂದಲೇ ಬರೆಯಬೇಕಾಗಿದೆ. ಪೀಣ್ಯದಲ್ಲಿರುವ ನಮ್ಮ ಬಂಧುಗಳ ಮನೆಯಲ್ಲಿ, ಹಬ್ಬದ ಮುನ್ನಾದಿನ ಹೆಣ್ಣುಮಗಳೊಬ್ಬಳು ಬಚ್ಚಲು ಬೆಳ್ಳಗಾಗಲೆಂದು ಬ್ಲೀಚಿಂಗ್ ಪುಡಿಯ ಮೇಲೆ ಆ್ಯಸಿಡ್ ಸುರಿದಳು. ಕಿಟಕಿ ಮುಚ್ಚಿತ್ತು. ಎದ್ದ ಕ್ಲೋರಿನ್ ಅನಿಲಕ್ಕೆ ಉಸಿರು ಕಟ್ಟಿ ಬಿದ್ದವಳನ್ನು ಎತ್ತಿ ತರುವಷ್ಟರಲ್ಲಿ ಮನೆಯವರಿಗೂ ಕೆಮ್ಮು. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಬ್ಲೀಚಿಂಗ್‌ಗೆ ನಿಂಬೆ, ವಿನಿಗರ್, ಮೇಲೆ ಹೇಳಿದ ಸಿಪ್ಪೆಯ ರಸವನ್ನೂ ಬೆರೆಸಬಾರದು. ಮನೆಯದು, ಸಹಜವಾದುದು ಎಂಬ ಧೈರ್ಯ ಇಲ್ಲಿ ನಡೆಯದು.

ಕಳೆದ ದೀಪಾವಳಿಗೆ ವೈಟ್‌ಫೀಲ್ಡಿನ ಆ ಮನೆಗೆ ಹೋದಾಗ ಏಳು ಸೀಸೆಗಳಲ್ಲಿ ಮೂರು ಉಳಿದಿದ್ದವು. "ಬಟ್ಟೆಯ ಪುಡಿಯನ್ನು ಬಿಡಲಾಗಲಿಲ್ಲ, ಗುರುಗಳೇ. ಮಕ್ಕಳ ಬಿಳಿ ಸಮವಸ್ತ್ರ ಅಂಟುವಾಳಕ್ಕೆ ಬಗ್ಗುವುದಿಲ್ಲ" ಎಂದರು ಆ ತಾಯಿ. ನಾವೂ ಒಪ್ಪಿದೆವು. ಪುಡಿಯ ಅಳತೆಯನ್ನು ಅರ್ಧಕ್ಕೆ ಇಳಿಸಿದ್ದಾರಂತೆ. ಅಂಗಿಗಳು ಮೊದಲಿನಷ್ಟೇ ಬೆಳ್ಳಗಿದ್ದವು.